ಎಂಟು ಬಿಟ್ ವಿಡಿಯೋ ಗೇಮ್: ಪ್ರೋಗ್ರಾಮಿಂಗ್ ಇತಿಹಾಸ

ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ಜಪಾನಿನಲ್ಲಿ ಮಾರಾಟಕ್ಕಿಟ್ಟ ಫ್ಯಾಮಿಕಾಮ್ ಎಂಬ ಆಟದ ಪೆಟ್ಟಿಗೆ ಹೊರದೇಶಗಳಲ್ಲಿ ಎನ್‌ಇಎಸ್ ಎನಿಸಿಕೊಂಡಿತು. ನಮ್ಮ ಓದುಗರಿಗೆ ಈ ಎರಡೂ ಹೆಸರು ಅಪರಿಚಿತವಿದ್ದೀತು. 1990ರ ದಶಕದಲ್ಲಿ ಭಾರತದ ಅಂಗಡಿಗಳಲ್ಲಿ ಸಿಗುತ್ತಿದ್ದದ್ದು ಸಮುರಾಯ್, ಲಿಟಲ್ ಮಾಸ್ಟರ್ ಮುಂತಾದ ಅದೇ ಮಾದರಿಯ ಪೆಟ್ಟಿಗೆಗಳು. ಅವಕ್ಕೆ ಮೇಲಿನಿಂದ ಸಿಕ್ಕಿಸುತ್ತಿದ್ದದ್ದು ಆಟ ತುಂಬಿದ 'ಕ್ಯಾಸೆಟ್'.

ಫ್ಯಾಮಿಕಾಮ್ ಒಳಗಿದ್ದ ರಿಕೋ ಕಂಪನಿಯ ಪ್ರೊಸೆಸರ್ 6502 ಎಂಬ ಪ್ರೊಸೆಸರಿನ ವಂಶದ್ದು, ವೇಗ 1.79 ಮೆಗಾಹರ್ಟ್ಸ್, ಕೆಲಸದ ಮೆಮೊರಿ 2 ಕಿಲೋಬೈಟ್. ಗುಣಾಕಾರ, ಭಾಗಾಕಾರದ ಸೂಚನೆಗಳೇ ಇಲ್ಲ. 6502ರಲ್ಲಿದ್ದ ದಶಮಾನ ಲೆಕ್ಕದ ಸೌಲಭ್ಯವೂ ಇಲ್ಲಿ ಸತ್ತಿತ್ತು. ಹಾಗಾಗಿ ಸ್ಕೋರನ್ನು ಅಂಕಿಗೊಂದು ಬೈಟ್‌ನಂತೆ ಇಟ್ಟುಕೊಳ್ಳುವುದು ರೂಢಿಯಾಯಿತು.

ಇದೆಲ್ಲ ಸಣ್ಣ ತೊಂದರೆ. ಪ್ರೋಗ್ರಾಮರಿಗೆ ನಿಜವಾದ ಯಜಮಾನ ಟಿವಿ. ಪರದೆ ಗೆರೆಗೆರೆಯಾಗಿ ತುಂಬುತ್ತಿರುವಾಗ ಚಿತ್ರದ ಮೆಮೊರಿಗೆ ಕೈ ಹಾಕಿದರೆ ಚಿತ್ರ ಕೆಡುತ್ತದೆ. ಪರದೆ ತುಂಬುವ ಕಿರಣ ತಳ ಮುಟ್ಟಿ ಮತ್ತೆ ಮೇಲಕ್ಕೆ ಮರಳುವ ಸಂದಿನಲ್ಲಿ, ಸುಮಾರು 2,270 ಪ್ರೊಸೆಸರ್ ಆವರ್ತಗಳೊಳಗೆ, ಎಲ್ಲ ಬದಲಾವಣೆ ಬರೆದು ಮುಗಿಸಬೇಕು. ಓಡಾಡುವ ಆಕೃತಿಗಳು ಒಟ್ಟು 64, ಒಂದು ಗೆರೆಯ ಮೇಲೆ 8 ಮಾತ್ರ. ಒಂಬತ್ತನೆಯದು ಮಾಯ. ಒಂದೇ ಆಕೃತಿ ಸದಾ ಮಾಯವಾಗದಿರಲೆಂದು ಪ್ರೋಗ್ರಾಮರುಗಳು ಪ್ರತಿ ಚಿತ್ರಕ್ಕೂ ಸರದಿ ಬದಲಿಸಿದರು. ವೈರಿಗಳು ಗುಂಪುಗೂಡಿದಾಗ ಕಾಣುತ್ತಿದ್ದ ಮಿಣುಕಾಟಕ್ಕೆ ಕಾರಣ ಹಳೆಯ ಕ್ಯಾಸೆಟ್ ಅಲ್ಲ, ಈ ಉಪಾಯ.

1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ 40 ಕಿಲೋಬೈಟ್: ಪ್ರೋಗ್ರಾಮಿಗೆ 32, ಚಿತ್ರಗಳಿಗೆ 8. ಅದರ ಮೋಡವೂ ಪೊದೆಯೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಮುಂದೆ ಕ್ಯಾಸೆಟ್ಟಿನೊಳಗೇ ಮೆಮೊರಿಯ ತುಂಡುಗಳನ್ನು ಸರದಿಯಲ್ಲಿ ಬದಲಿಸುವ ಚಿಪ್ ಬಂತು. ಕೊನಾಮಿಯ ಕಾಂಟ್ರಾ (1988) 128 ಕಿಲೋಬೈಟ್‌ವರೆಗೆ ಬೆಳೆದದ್ದು ಹಾಗೆ.

ಟಿವಿ ಎಂಬ ಯಜಮಾನನನ್ನೇ ದುಡಿಸಿಕೊಂಡ ಆಟ ಡಕ್ ಹಂಟ್ (1984). ಆಟದ ಬಂದೂಕಿನ ಕುದುರೆ ಎಳೆದೊಡನೆ ಪರದೆ ಕ್ಷಣಕಾಲ ಪೂರ್ತಿ ಕಪ್ಪಾಗಿ, ಬಾತುಕೋಳಿಯಿದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಬಂದೂಕಿನ ಕಣ್ಣಿಗೆ ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಗುರಿ ಸರಿ. ಬಂದೂಕನ್ನು ಬಲ್ಬಿಗೆ ಹಿಡಿದು ಗೆಲ್ಲುವ ಮೋಸ ಇದರಿಂದ ನಡೆಯದು. ಇಂದಿನ ಎಲ್‌ಸಿಡಿ ಟಿವಿಗಳಲ್ಲಿ ಆ ಬಂದೂಕು ಕುರುಡು.

ಆಗಿನ ಭಾರತದ ಟಿವಿ ಪಾಲ್ ಪದ್ಧತಿಯದಾಗಿತ್ತು: ಸೆಕೆಂಡಿಗೆ 50 ಚಿತ್ರ. ಆಟಗಳನ್ನು ಬರೆದಿದ್ದದ್ದು 60ಕ್ಕೆ. ತೈವಾನಿನ ಯುಎಂಸಿಯಂಥ ತಯಾರಕರು ಪಾಲ್‌ಗಾಗಿ ಮಾಡಿದ ತದ್ರೂಪು ಚಿಪ್‌ಗಳಲ್ಲಿ, ಪಾಲ್ ಪದ್ಧತಿಯ ಹೆಚ್ಚುವರಿ ಗೆರೆಗಳನ್ನು ಸುಮ್ಮನೆ ಕಳೆದು, ಮೇಲೆ ಹೇಳಿದ ಸಂದನ್ನು ಮೊದಲಿನಷ್ಟೇ ಉಳಿಸಿದರು. ಮೂಲ ಕ್ಯಾಸೆಟ್ಟುಗಳ ಲೆಕ್ಕಾಚಾರ ಹೆಚ್ಚಾಗಿ ತಪ್ಪದಿದ್ದದ್ದು ಈ ಜಾಣ್ಮೆಯಿಂದ. ಆದರೂ ಆಟ ಆರರಲ್ಲೊಂದು ಪಾಲು ನಿಧಾನ, ಸಂಗೀತವೂ ಅಷ್ಟೇ.

ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಆಟ ತಯಾರಿಸುವ ಕಂಪನಿ ಆರಂಭಿಸಿದ್ದು 1997ರಲ್ಲಿ. ಆ ಹೊತ್ತಿಗೆ ಜಗತ್ತು ಎಂಟು ಬಿಟ್ ದಾಟಿಯಾಗಿತ್ತು. ಈಗ ಸಿಸಿ65 ಕಂಪೈಲರ್, ಮೆಸೆನ್ ಎಮ್ಯುಲೇಟರ್ ಇಟ್ಟುಕೊಂಡು ಹವ್ಯಾಸಿಗಳು ಹೊಸ ಆಟ ಬರೆಯಬಹುದು. ಕನ್ನಡದಲ್ಲಿ ಬರೆಯಹೊರಟವರಿಗೆ ಇನ್ನೊಂದು ಗಂಟು ಕಾದಿದೆ. ಹಿನ್ನೆಲೆಯ ಚಿತ್ರ 8×8 ಚುಕ್ಕೆಯ ಬಿಲ್ಲೆಗಳಿಂದ ಕೂಡಿದ್ದು, ಒಮ್ಮೆಗೆ ಸಿಗುವ ಬಿಲ್ಲೆ 256. ಇಂಗ್ಲಿಷ್ ಅಕ್ಷರಕ್ಕೆ ಒಂದು ಬಿಲ್ಲೆ ಸಾಕು. ಕನ್ನಡ ಅಕ್ಷರ ಓದುವಂತಿರಲು ನಾಲ್ಕಾದರೂ ಬೇಕು. 49 ಅಕ್ಷರಗಳ ವರ್ಣಮಾಲೆಯೇ 196 ಬಿಲ್ಲೆ ನುಂಗುತ್ತದೆ. ಉಳಿದ 60ರಲ್ಲಿ ಕಾಗುಣಿತ, ಒತ್ತಕ್ಷರ, ಮಾರಿಯೋವಿನ ಇಟ್ಟಿಗೆ ಎಲ್ಲವೂ ಹಿಡಿಯಬೇಕು. ಆಟಕ್ಕೆ ಬೇಕಾದ ಪದಗಳನ್ನು ಮೊದಲೇ ಆರಿಸಿ, ಅವುಗಳ ಚಿತ್ರಗಳನ್ನಷ್ಟೇ ತುಂಡರಿಸಿ ಇಡುವುದು ಪ್ರಾಯೋಗಿಕ ದಾರಿ.