ಟಿ-ಮಾದರಿಯ ಫೋರ್ಡು ಬಂಡಿ: ನೆನಪೂ ನಿಜವೂ

ಗತಿಸಿದವರ ವಿಷಯದಲ್ಲಿ ಒಳ್ಳೆಯ ಮಾತುಗಳನ್ನೇ ಆಡಬೇಕೆಂಬುದು ಲೋಕರೂಢಿ. ಮನುಷ್ಯರಿಗೆ ಸಲ್ಲುವ ಈ ಮರ್ಯಾದೆಯು ಯಂತ್ರವೊಂದಕ್ಕೆ ಸಂದ ನಿದರ್ಶನಗಳು ವಿರಳ. ಅಂತಹ ವಿರಳವಾದ ಯಂತ್ರಗಳಲ್ಲಿ, ಅಮೆರಿಕಾ ಸಂಯುಕ್ತ ಸಂಸ್ಥಾನದ ಡೆಟ್ರಾಯಿಟ್ ನಗರದಲ್ಲಿ 1908ರಲ್ಲಿ ಹುಟ್ಟಿ 1927ರಲ್ಲಿ ನಿಂತುಹೋದ ‘ಟಿ-ಮಾದರಿ’ಯ ಫೋರ್ಡು ಮೋಟಾರು ಬಂಡಿಗೆ ಅಗ್ರಸ್ಥಾನವನ್ನು ಕೊಡಬಹುದು. ಹತ್ತೊಂಬತ್ತು ವರ್ಷಗಳಲ್ಲಿ ಒಂದೂವರೆ ಕೋಟಿ ಬಂಡಿಗಳು ಈ ಒಂದೇ ಅಚ್ಚಿನಲ್ಲಿ ಹೊರಬಿದ್ದವು. ಅದರ ಆಯುಸ್ಸು ಮುಗಿದ ಒಂಬತ್ತು ವರ್ಷಗಳ ಮೇಲೆ, 1936ರಲ್ಲಿ, ಇ. ಬಿ. ವೈಟ್ ಮತ್ತು ರಿಚರ್ಡ್ ಸ್ಟ್ರೌಟ್ ಎಂಬ ಇಬ್ಬರು ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ, ಪ್ರಿಯೆಯೊಬ್ಬಳನ್ನು ಬೀಳ್ಕೊಡುವ ಧಾಟಿಯಲ್ಲಿ ಆ ಬಂಡಿಯನ್ನು ಕುರಿತು ಪ್ರಬಂಧವೊಂದನ್ನು ಬರೆದರು. ಅದನ್ನೋದಿದ ಜನ ತಮ್ಮ ತಮ್ಮ ಯೌವನವನ್ನು ನೆನೆದುಕೊಂಡರು. ಪ್ರೀತಿಯಿಂದ ಉಳಿದ ನೆನಪು ಒಂದು ಬಗೆ, ಪ್ರೀತಿಯಿಂದ ಬೆಳೆದ ಕಥೆ ಇನ್ನೊಂದು ಬಗೆ. ಈ ಬಂಡಿಯ ಚರಿತ್ರೆಯಲ್ಲಿ ಇವೆರಡೂ ಹಾಲುನೀರಿನಂತೆ ಬೆರೆತುಹೋಗಿವೆ.

ನೆನಪುಗಳು ಬಹುಮಟ್ಟಿಗೆ ನಿಜವಾದುವು. ಈಗಿನ ಮೋಟಾರನ್ನು ನಡೆಸಬಲ್ಲವನು ಆ ಬಂಡಿಯಲ್ಲಿ ಕುಳಿತರೆ ಕ್ಷಣಕಾಲ ದಿಙ್ಮೂಢನಾಗುವುದರಲ್ಲಿ ಸಂದೇಹವಿಲ್ಲ. ಕಾಲ ಬಳಿ ಮೂರು ಪೆಡಲುಗಳಿದ್ದುವು. ಆದರೆ ಅವುಗಳಲ್ಲಿ ಒಂದೂ ವೇಗವನ್ನು ಹೆಚ್ಚಿಸತಕ್ಕದ್ದಲ್ಲ. ಎಡಗಡೆಯದನ್ನು ಪೂರ್ತಿ ಒತ್ತಿದರೆ ಬಂಡಿಯು ಮಂದಗತಿಯಿಂದ ಹೊರಡುವುದು, ಪೂರ್ತಿ ಬಿಟ್ಟರೆ ಶೀಘ್ರಗತಿಯಿಂದ ಓಡುವುದು, ಅರ್ಧಕ್ಕೆ ಹಿಡಿದರೆ ಎರಡೂ ಇಲ್ಲ. ನಡುವಿನದು ಹಿಮ್ಮುಖ ಚಲನೆಗೆ, ಬಲಗಡೆಯದು ತಡೆಗೆ. ವೇಗವನ್ನು ಕೈಯಿಂದಲೇ, ಚುಕ್ಕಾಣಿಯ ಚಕ್ರದ ಕೆಳಗಿದ್ದ ಒಂದು ಸಣ್ಣ ಕಡ್ಡಿಯಿಂದ ಏರಿಸಿ ಇಳಿಸಬೇಕಾಗಿತ್ತು. ಅದಕ್ಕೆ ಎದುರಾಗಿದ್ದ ಇನ್ನೊಂದು ಕಡ್ಡಿಯು ಕಿಡಿ ಹಾರುವ ಸಮಯವನ್ನು ಹಿಂದು ಮುಂದು ಮಾಡುತ್ತಿದ್ದಿತು. ಈ ಎರಡನೆಯ ಕಡ್ಡಿಯನ್ನು ಮರೆತವನು ಅದರ ಫಲವನ್ನು ಅನುಭವಿಸದೆ ಹೋಗುತ್ತಿರಲಿಲ್ಲ. ಬಂಡಿಯ ಮೂತಿಯ ಬಳಿ ನಿಂತು ಹಿಡಿಕೆಯನ್ನು ತಿರುಗಿಸಿ ಯಂತ್ರವನ್ನು ಎಬ್ಬಿಸುವಾಗ, ಕಿಡಿಯು ಕಾಲಕ್ಕೆ ಮುಂಚೆ ಹಾರಿದರೆ ಆ ಹಿಡಿಕೆ ಹಿಮ್ಮುಖವಾಗಿ ಒದೆಯುತ್ತಿದ್ದಿತು. ಮುಂಗೈ ಮೂಳೆ ಮುರಿದುಕೊಂಡವರು ಅನೇಕರು. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಟ್ಟುಕೊಂಡು ಹಿಡಿಯಬೇಕೆಂಬ ಪಾಠವನ್ನು ತಂದೆಯು ಮಗನಿಗೆ ಹೇಳಿಕೊಡುತ್ತಿದ್ದುದು ಈ ಕಾರಣದಿಂದಲೇ. ಚಳಿಗಾಲದ ಬೆಳಗಿನಲ್ಲಿ ಎಣ್ಣೆ ಗಟ್ಟಿಯಾಗಿ, ಎಚ್ಚರಗೊಂಡ ಬಂಡಿ ತನ್ನನ್ನು ಎಬ್ಬಿಸಿದ ಯಜಮಾನನ ಮೇಲೆಯೇ ತೆವಳಿಕೊಂಡು ಬರುವುದೂ ಉಂಟು. ವಿದ್ಯುತ್ತಿನಿಂದ ಯಂತ್ರವನ್ನು ಚಾಲನೆಗೊಳಿಸುವ ಸೌಕರ್ಯ ಈ ಬಂಡಿಗೆ ದೊರೆತುದು 1919ರಲ್ಲಿ.

ಬೆಟ್ಟವನ್ನು ಹಿಂದುಹಿಂದಾಗಿ ಏರುತ್ತಿದ್ದರೆಂಬ ಮಾತನ್ನು ಕೇಳಿ ಇಂದಿನವರು ನಗಬಹುದು. ಅದು ಕಟ್ಟುಕಥೆಯಲ್ಲ. ಪೆಟ್ರೋಲಿನ ತೊಟ್ಟಿಯು ಮುಂದಿನ ಆಸನದ ಕೆಳಗಿದ್ದು, ಅಲ್ಲಿಂದ ಯಂತ್ರದ ಕಡೆಗೆ ಪೆಟ್ರೋಲು ತನ್ನ ಭಾರದಿಂದ ತಾನೇ ಇಳಿದು ಹರಿಯಬೇಕಾಗಿತ್ತು. ತೊಟ್ಟಿಯಲ್ಲಿ ಸ್ವಲ್ಪವೇ ಉಳಿದಿರುವಾಗ ಕಡಿದಾದ ಏರು ಬಂದರೆ ಯಂತ್ರವು ತೊಟ್ಟಿಗಿಂತ ಮೇಲಾಗಿ ಹರಿವು ನಿಲ್ಲುತ್ತಿದ್ದಿತು. ಅನುಭವಿಯಾದ ಚಾಲಕನು ಬಂಡಿಯನ್ನು ತಿರುಗಿಸಿ, ಬೆಟ್ಟಕ್ಕೆ ಬೆನ್ನು ಮಾಡಿ ಏರಿಹೋಗುವನು. ಹಿಮ್ಮುಖದ ಗಿಯರಿಗೆ ಎಳೆಯುವ ಬಲವೂ ಹೆಚ್ಚಾಗಿದ್ದುದರಿಂದ ಇದು ಎರಡು ವಿಧದಲ್ಲಿ ಲಾಭ. ತೊಟ್ಟಿಯಲ್ಲಿ ಎಷ್ಟು ಉಳಿದಿದೆಯೆಂದು ತಿಳಿಯಲು ಅದರೊಳಕ್ಕೆ ಕಟ್ಟಿಗೆಯ ಕೋಲನ್ನು ಅದ್ದಿ ನೋಡುವುದೇ ಉಪಾಯ.

ಇಪ್ಪತ್ತು ಕುದುರೆಬಲದ, ಗಂಟೆಗೆ ನಲವತ್ತೈದು ಮೈಲಿಗಿಂತ ಹೆಚ್ಚು ಓಡಲಾರದ ಈ ಬಂಡಿಯನ್ನು ಹಳ್ಳಿಯ ರೈತರು ಅಷ್ಟು ಹಚ್ಚಿಕೊಂಡುದಕ್ಕೆ ಕಾರಣವನ್ನು ಆ ಕಾಲದ ರಸ್ತೆಗಳಲ್ಲಿ ಹುಡುಕಬೇಕು. ಅವುಗಳಲ್ಲಿ ಹೆಚ್ಚಿನವು ಮಳೆಗಾಲದಲ್ಲಿ ಕೆಸರಿನ ಹೊಂಡಗಳು. ವನೇಡಿಯಂ ಬೆರೆತ ಹಗುರವಾದ ಉಕ್ಕಿನಿಂದ ಮಾಡಿದ, ನೆಲದಿಂದ ಎತ್ತರವಾಗಿ ನಿಂತ ಈ ಬಂಡಿಯ ಮೈ ಹಳ್ಳತಿಟ್ಟುಗಳಿಗೆ ತಕ್ಕಂತೆ ಬಾಗುತ್ತ ಬಳುಕುತ್ತ ಸಾಗುತ್ತಿದ್ದಿತು. ಕೆಟ್ಟುಹೋದರೆ ಕಮ್ಮಾರನೂ ಸರಿಪಡಿಸಬಲ್ಲನು. ಹಿಂದಿನ ಗಾಲಿಯೊಂದನ್ನು ನೆಲದಿಂದ ಎತ್ತಿ ನಿಲ್ಲಿಸಿ, ಅದಕ್ಕೆ ಪಟ್ಟಿ ತೊಡಿಸಿ, ಮರ ಕೊಯ್ಯುವ ಗರಗಸವನ್ನೂ ನೀರೆತ್ತುವ ಯಂತ್ರವನ್ನೂ ರೈತನು ತಿರುಗಿಸಿಕೊಳ್ಳುತ್ತಿದ್ದನು. ಮನೆಯಲ್ಲಿ ಸ್ನಾನದ ತೊಟ್ಟಿಯಿಲ್ಲದಿದ್ದರೂ ಮೋಟಾರನ್ನು ಕೊಂಡಿದ್ದೇಕೆಂದು ಕೇಳಿದ ಸರಕಾರದ ಅಧಿಕಾರಿಗೆ, ತೊಟ್ಟಿಯಲ್ಲಿ ಕುಳಿತು ಪೇಟೆಗೆ ಹೋಗುವುದು ಸಾಧ್ಯವೇ ಎಂದು ರೈತನ ಹೆಂಡತಿಯೊಬ್ಬಳು ಮರುಪ್ರಶ್ನೆ ಹಾಕಿದಳೆಂಬ ಕಥೆಯೊಂದು ಆ ದೇಶದಲ್ಲಿ ಪ್ರಚಲಿತವಾಗಿದೆ. ಹತ್ತು ಹದಿನೈದು ಮೈಲಿ ದೂರದ ಒಂಟಿ ಮನೆಯಲ್ಲಿ ಹೊತ್ತು ಕಳೆದ ಹೆಂಗಸರಿಗೆ ಆ ಬಂಡಿ ಏನಾಗಿ ಕಂಡಿತೆಂಬುದನ್ನು ಊಹಿಸಿಕೊಳ್ಳಲು ಇದೊಂದೇ ಸಾಕು.

ಇನ್ನು ಕಥೆಗಳ ಮಾತು. ಮೋಟಾರನ್ನು ಕಂಡುಹಿಡಿದವನೇ ಹೆನ್ರಿ ಫೋರ್ಡನೆಂದು ಹೇಳುವವರು ಈಗಲೂ ಇದ್ದಾರೆ. ಕಾರ್ಲ್ ಬೆಂಜ್ ಎಂಬ ಜರ್ಮನನು ತನ್ನ ಪೆಟ್ರೋಲು ಬಂಡಿಗೆ ಸನ್ನದು ಪಡೆದುದು 1886ರಲ್ಲಿ; ಫೋರ್ಡನು ತನ್ನ ಮೊದಲ ಬಂಡಿಯನ್ನು ಡೆಟ್ರಾಯಿಟಿನ ಬೀದಿಗೆ ತಂದುದು 1896ರಲ್ಲಿ. ಅಮೆರಿಕಾದಲ್ಲಿಯೇ ಡ್ಯೂರಿಯಾ ಸೋದರರು ಅವನಿಗಿಂತ ಮೂರು ವರ್ಷ ಮುಂದಿದ್ದರು. ಇದರಲ್ಲಿ ಹೆಚ್ಚು ನಿಲ್ಲಬೇಕಾದುದಿಲ್ಲ.

ಬಣ್ಣದ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ಕಪ್ಪೊಂದನ್ನುಳಿದು ಬೇರೆ ಬಣ್ಣದ ಬಂಡಿಯನ್ನು ಕೊಡುವುದಿಲ್ಲವೆಂದು 1909ರಲ್ಲಿಯೇ ತಾನು ಸಾರಿದುದಾಗಿ ಫೋರ್ಡನು 1922ರ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಆ ಚಮತ್ಕಾರದ ಮಾತು ಲೋಕಪ್ರಸಿದ್ಧವಾಯಿತು. ಆದರೆ 1909ರಲ್ಲಿ ಮಾರಾಟವಾದ ಬಂಡಿಗಳು ಕೆಂಪು, ಬೂದು, ಹಸಿರು, ಅನಂತರದವು ಕಡುನೀಲಿ. ಕಪ್ಪೇ ಸರ್ವಸ್ವವಾದುದು 1914ರಿಂದ 1925ರ ವರೆಗೆ ಮಾತ್ರ. ಕಪ್ಪುಬಣ್ಣ ಬೇಗನೆ ಒಣಗುತ್ತಿದ್ದಿತೆಂಬ ಕಾರಣವನ್ನು ಅನೇಕರು ಕೊಡುತ್ತಾರೆ. ಅಗ್ಗವಾಗಿ ಬಾಳಿಕೆ ಬರುತ್ತಿದ್ದಿತೆಂಬುದೂ, ಎಲ್ಲಕ್ಕೂ ಒಂದೇ ಬಣ್ಣವಾದರೆ ಕೆಲಸ ಸುಗಮವೆಂಬುದೂ ಅದಕ್ಕಿಂತ ಬಲವಾದ ಕಾರಣಗಳಾಗಿ ತೋರುತ್ತವೆ. ಆ ಹನ್ನೆರಡು ವರ್ಷಗಳಲ್ಲಿಯೇ ಬಹುಪಾಲು ಬಂಡಿಗಳು ತಯಾರಾದುದರಿಂದ ಜನರ ನೆನಪಿನಲ್ಲಿ ಅದು ಕಪ್ಪಾಗಿಯೇ ಉಳಿದುದು ಸಹಜ. ಹದಿಮೂರು ವರ್ಷ ಕಳೆದ ಮೇಲೆ ತನ್ನ ಮಾತನ್ನು ಹಿಂದಕ್ಕೆ ತಳ್ಳಿ ನೆನೆದುಕೊಂಡ ಯಜಮಾನನ ಅಪರಾಧವೂ ದೊಡ್ಡದೇನಲ್ಲ.

ಆದರೆ ಕೂಲಿಯ ಕಥೆಯನ್ನು ಹೀಗೆ ನಕ್ಕು ಬಿಡುವಂತಿಲ್ಲ. ಈ ಬಂಡಿಯು ಅಗ್ಗವಾದ ಬಗೆಯನ್ನು ಅರಿಯದೆ ಅದು ತಿಳಿಯುವುದೂ ಇಲ್ಲ. ಹೈಲ್ಯಾಂಡ್ ಪಾರ್ಕಿನ ಕಾರ್ಖಾನೆಯಲ್ಲಿ 1913ರ ವರೆಗೆ ಬಂಡಿಯು ಒಂದೆಡೆ ನಿಂತಿರುತ್ತಿದ್ದಿತು, ಕೆಲಸಗಾರರು ಅದರ ಸುತ್ತ ಓಡಾಡುತ್ತಿದ್ದರು. ಆ ವರ್ಷ ಇದು ತಲೆಕೆಳಗಾಯಿತು. ಷಿಕಾಗೋವಿನ ಕಸಾಯಿಖಾನೆಯಲ್ಲಿ ತೂಗುಹಾಕಿದ ಪಶುವಿನ ದೇಹವು ಸಾಲಾಗಿ ನಿಂತವರ ಮುಂದೆ ಸಾಗುತ್ತ, ಒಬ್ಬೊಬ್ಬನು ಒಂದೊಂದು ಭಾಗವನ್ನು ಕತ್ತರಿಸಿ ತೆಗೆಯುವುದನ್ನು ಫೋರ್ಡನ ಕಾರ್ಖಾನೆಯ ವಿಲಿಯಂ ಕ್ಲಾನ್ ಎಂಬವನು ನೋಡಿಬಂದಿದ್ದನು. ಬಿಚ್ಚುವುದು ಈ ರೀತಿ ಸಾಧ್ಯವಾದರೆ ಜೋಡಿಸುವುದೇಕೆ ಸಾಧ್ಯವಾಗದು? ಮೊದಲು ಹಗ್ಗ ಕಟ್ಟಿ ಬಂಡಿಯ ಅಡಿಗಟ್ಟನ್ನು ಎಳೆದು ನೋಡಿದರು. ಆಮೇಲೆ ಯಂತ್ರದಿಂದ ಚಲಿಸುವ ಸರಪಳಿ ಬಂದಿತು. ಒಂದು ಅಡಿಗಟ್ಟನ್ನು ಜೋಡಿಸಲು ಮೊದಲು ಹಿಡಿಯುತ್ತಿದ್ದುದು ಸುಮಾರು ಹನ್ನೆರಡೂವರೆ ಗಂಟೆಗಳ ಶ್ರಮ. 1914ರ ವಸಂತದ ಹೊತ್ತಿಗೆ ಅದು 93 ನಿಮಿಷಗಳಿಗೆ ಇಳಿದಿದ್ದಿತು. ಕ್ಲಾನ್, ಸೊರೆನ್ಸನ್, ಮಾರ್ಟಿನ್, ಏವರಿ ಮೊದಲಾದ ಹತ್ತಾರು ಜನರ ಬುದ್ಧಿ ಇದರಲ್ಲಿ ಸೇರಿದ್ದರೂ ಲೋಕವು ಎಲ್ಲವನ್ನೂ ಒಬ್ಬನ ಲೆಕ್ಕಕ್ಕೆ ಬರೆದುಕೊಂಡಿತು.

ಸರಪಳಿಯ ಮುಂದೆ ನಿಂತವನಿಗೆ ಆದುದೇನು? ಒಬ್ಬನು ಬೋಲ್ಟನ್ನು ಇಡುವನು, ಅದಕ್ಕೆ ನಟ್ಟನ್ನು ತೊಡಿಸುವವನು ಬೇರೆ, ಬಿಗಿಮಾಡುವವನು ಮತ್ತೊಬ್ಬ. ಇಡೀ ದಿನ ಅದೇ ಕೈಚಲನೆ, ಯಂತ್ರದ ವೇಗಕ್ಕೆ. ಕೆಲಸ ಬಲ್ಲ ಕುಶಲಿಗಳು ಇದನ್ನು ಸಹಿಸದೆ ಬಿಟ್ಟುಹೋಗತೊಡಗಿದರು. 1913ರಲ್ಲಿ ಕೆಲಸ ಬಿಡುವವರ ಪ್ರಮಾಣವು ನೂರಕ್ಕೆ 370ಕ್ಕೆ ಏರಿತು. ಎಂದರೆ ಹದಿನಾಲ್ಕು ಸಾವಿರದಷ್ಟು ಜಾಗಗಳನ್ನು ತುಂಬಿಟ್ಟುಕೊಳ್ಳಲು ಐವತ್ತು ಸಾವಿರಕ್ಕೂ ಮಿಕ್ಕ ಜನರನ್ನು ಒಂದೇ ವರ್ಷದಲ್ಲಿ ನೇಮಿಸಬೇಕಾಯಿತು. ಈ ಸ್ಥಿತಿಯಲ್ಲಿ, 1914ನೆಯ ಜನವರಿ 5ನೆಯ ತಾರೀಖು, ದಿನಕ್ಕೆ ಐದು ಡಾಲರು ಕೂಲಿ, ಎಂಟು ಗಂಟೆಗಳ ಕೆಲಸ ಎಂಬ ಘೋಷಣೆ ಹೊರಟಿತು. ಅದುವರೆಗೆ ಒಂಬತ್ತು ಗಂಟೆಗಳಿಗೆ ದೊರೆಯುತ್ತಿದ್ದುದು 2.34 ಡಾಲರು. ಮರುದಿನಗಳಲ್ಲಿ ಸಾವಿರಾರು ನಿರುದ್ಯೋಗಿಗಳು ಕಾರ್ಖಾನೆಯ ಬಾಗಿಲಲ್ಲಿ ನೆರೆದು ಗಲಭೆಯಾಗಲು, ಮೈ ಕೊರೆಯುವ ಚಳಿಯಲ್ಲಿ ಕೊಳವೆಗಳಿಂದ ಅವರ ಮೇಲೆ ನೀರು ಬಿಡಲಾಯಿತು.

ತನ್ನ ಆಳುಗಳೂ ತನ್ನ ಬಂಡಿಯನ್ನು ಕೊಳ್ಳಲೆಂದು ಫೋರ್ಡನು ಕೂಲಿಯನ್ನು ಏರಿಸಿದನೆಂಬುದು ಇಂದಿಗೂ ಉಪನ್ಯಾಸಗಳಲ್ಲಿ ಕೇಳಿಬರುವ ಮಾತು. ಲೆಕ್ಕ ಹಾಕಿದರೆ ಇದು ನಿಲ್ಲುವುದಿಲ್ಲ. ವರ್ಷಕ್ಕೆ ಎರಡು ಲಕ್ಷಕ್ಕೂ ಮೀರಿ ಬಂಡಿಗಳನ್ನು ಮಾಡುವವನಿಗೆ ತನ್ನ ಹದಿನಾಲ್ಕು ಸಾವಿರ ಆಳುಗಳ ಗಿರಾಕಿತನವು ಎಷ್ಟರ ಮಟ್ಟಿನದು? ಕೈಬಿಟ್ಟು ಹೋಗುತ್ತಿದ್ದ ಜನರನ್ನು ಸರಪಳಿಯ ಬಳಿ ನಿಲ್ಲಿಸಿಕೊಳ್ಳುವುದೇ ಮುಖ್ಯ ಪ್ರಯೋಜನವಾಗಿದ್ದಿತು, ಅದು ನೆರವೇರಿತು ಕೂಡ. ಐದು ಡಾಲರುಗಳಲ್ಲಿ ಸುಮಾರು ಅರ್ಧವು ಕೂಲಿಯಾಗಿರದೆ ಲಾಭದ ಪಾಲೆಂಬ ಹೆಸರಿನದು. ಅದನ್ನು ಪಡೆಯಲು ಯೋಗ್ಯತೆ ಬೇಕಾಗಿದ್ದಿತು. ಕಾರ್ಖಾನೆಯ ತನಿಖೆದಾರರು ಮನೆಮನೆಗೆ ಹೋಗಿ ಕುಡಿತವುಂಟೋ, ಉಳಿತಾಯವುಂಟೋ, ಮನೆ ಶುಚಿಯಾಗಿದೆಯೋ ಎಂದು ವಿಚಾರಿಸಿ ಬರೆದುಕೊಳ್ಳುತ್ತಿದ್ದರು. ಹೆಂಗಸರಿಗೆ ಮೊದಲು ಈ ಪಾಲೇ ಇರಲಿಲ್ಲ. ಇಷ್ಟಾದರೂ ಆ ಹಣವು ಸಾವಿರಾರು ಸಂಸಾರಗಳನ್ನು ಎತ್ತಿಹಿಡಿಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ.

ಈ ಎರಡನ್ನೂ ಒಟ್ಟಿಗೆ ಕಂಡವಳು ಒಬ್ಬ ಹೆಣ್ಣುಮಗಳು. ಘೋಷಣೆ ಹೊರಟ ತಿಂಗಳಿನಲ್ಲಿಯೇ ಕೂಲಿಕಾರನೊಬ್ಬನ ಹೆಂಡತಿ ಫೋರ್ಡನಿಗೆ ಕಾಗದ ಬರೆದಳು. ತನ್ನ ಗಂಡನು ಮನೆಗೆ ಬಂದವನೇ ಊಟವನ್ನೂ ಮಾಡಲಾರದೆ ಬಿದ್ದುಕೊಳ್ಳುವಷ್ಟು ಬಳಲಿಹೋಗಿರುವನೆಂದೂ, ಸರಪಳಿಯ ಆ ಪದ್ಧತಿಯು ಆಳುಗಳನ್ನು ಗುಲಾಮರಂತೆ ಅಟ್ಟುತ್ತಿರುವುದೆಂದೂ, ಇದಕ್ಕೆ ಪರಿಹಾರವೇನಾದರೂ ಉಂಟೇ ಎಂದೂ ಅವಳು ಕೇಳಿದಳು. ಐದು ಡಾಲರು ಕೂಲಿಯು ತಮಗೆ ದೊಡ್ಡ ವರವೆಂದೇ ಅವಳು ಒಪ್ಪಿಕೊಂಡಿದ್ದಳು. ಆದರೆ ಆ ಹಣವನ್ನು ಅವರು ಬೆವರಿನಿಂದಲೇ ಗಳಿಸುತ್ತಿರುವರೆಂಬುದನ್ನು ಸೇರಿಸಲು ಮರೆಯಲಿಲ್ಲ. ಟಿ-ಮಾದರಿಯನ್ನು ಕುರಿತ ನೂರಾರು ಮಧುರ ಸ್ಮೃತಿಗಳು ಬಂಡಿಯನ್ನು ಏರಿದವರ ಸ್ಮೃತಿಗಳು. ಅದನ್ನು ಮಾಡಿದವರ ಕಡೆಯಿಂದ ಉಳಿದುಬಂದ ಮಾತುಗಳು ಕಡಮೆ. ಈ ಕಾಗದದ ಬೆಲೆಯು ಅದರಿಂದ ಇನ್ನೂ ಹೆಚ್ಚು.

1908ರಲ್ಲಿ 850 ಡಾಲರಿಗೆ ಹೊರಬಂದ ಬಂಡಿಯ ಬೆಲೆ ಕಾಲಕ್ರಮದಲ್ಲಿ ಇಳಿದು, 1925ರಲ್ಲಿ ಎರಡು ಆಸನದ ಮಾದರಿಯು 260 ಡಾಲರಿಗೆ ಸಿಕ್ಕುವಂತಾಯಿತು. ಕೆನಡಾ ದೇಶದ ಫೋರ್ಡು ಸಂಸ್ಥೆಯು ಬ್ರಿಟಿಷ್ ಸಾಮ್ರಾಜ್ಯದ ನಾಡುಗಳಿಗಾಗಿ ಬಲಗಡೆ ಚುಕ್ಕಾಣಿಯ ಬಂಡಿಗಳನ್ನು ಮಾಡುತ್ತಿದ್ದಿತು. ಭಾರತಕ್ಕೆ ಬರುತ್ತಿದ್ದುದು ಆ ದಾರಿಯಿಂದ. ಮುಂಬಯಿಯಲ್ಲಿ ಫೋರ್ಡಿನ ಶಾಖೆ ಏರ್ಪಟ್ಟುದು 1926ರಲ್ಲಿ, ಎಂದರೆ ಟಿ-ಮಾದರಿಯ ಕೊನೆಗಾಲ ಸಮೀಪಿಸಿದಾಗ. ಆ ಹೊತ್ತಿಗೆ ಅದರ ತವರಿನಲ್ಲಿಯೇ ಜನ ಬಣ್ಣಬಣ್ಣದ, ಮೆತ್ತನೆಯ ಷೆವರ್ಲೆ ಬಂಡಿಗಳ ಕಡೆಗೆ ತಿರುಗಿದ್ದರು. ಮತ್ತೆ ಬಣ್ಣಗಳನ್ನು ಬಳಿದುದರಿಂದ ಫೋರ್ಡನಿಗೆ ಪ್ರಯೋಜನವಾಗಲಿಲ್ಲ.

1927ನೆಯ ಮೇ 26ರಂದು ಒಂದೂವರೆ ಕೋಟಿಯ ಸಂಖ್ಯೆಯ ಬಂಡಿಯು ಹೈಲ್ಯಾಂಡ್ ಪಾರ್ಕಿನಿಂದ ಹೊರಬಂದಿತು. ಮಗ ಎಡ್ಸೆಲನು ನಡೆಸಿದನು, ತಂದೆ ಪಕ್ಕದಲ್ಲಿ ಕುಳಿತಿದ್ದನು. ಆ ಬಂಡಿಯು ಡಿಯರ್‌ಬರ್ನಿನ ವಸ್ತುಸಂಗ್ರಹಾಲಯಕ್ಕೆ ಸೇರಿತು. ಹೊಸ ‘ಎ-ಮಾದರಿ’ ಜನರ ಮುಂದೆ ಬಂದುದು ಡಿಸೆಂಬರಿನಲ್ಲಿ. ನಡುವಣ ತಿಂಗಳುಗಳಲ್ಲಿ ಯಂತ್ರಗಳನ್ನು ಬದಲಿಸಲು ಕೆಲಸವನ್ನು ನಿಲ್ಲಿಸಿದ್ದರು. ಪತ್ರಿಕೆಗಳು ಹಳೆಯ ಬಂಡಿಯನ್ನು ಕುರಿತು ಹಾಸ್ಯವನ್ನೂ ವಿಷಾದವನ್ನೂ ಬೆರೆಸಿ ಬರೆಯುತ್ತಿದ್ದ ಅದೇ ಬೇಸಗೆಯಲ್ಲಿ, ಡೆಟ್ರಾಯಿಟಿನ ಹತ್ತಾರು ಸಾವಿರ ಕೂಲಿಕಾರರು ಕೆಲಸವಿಲ್ಲದೆ ಮನೆಯಲ್ಲಿದ್ದರು.