ಮಣ್ಣಿನ ವಾಸನೆಯ ಜಾಡಿನಲ್ಲಿ

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಬೀಟ್‌ರೂಟಿನ ರಾಶಿಯ ಮುಂದೆ ಒಂದು ಗಳಿಗೆ ನಿಂತರೆ, ಮೊದಲ ಮಳೆ ಬಿದ್ದ ಹೊಲದ ವಾಸನೆ ಮೂಗಿಗೆ ತಾಕುತ್ತದೆ. ಕೆರೆಯ ಮೀನಿನಲ್ಲೂ ಅದೇ ವಾಸನೆ ಉಂಟು. ಅದನ್ನು ಕಳೆಯಲೆಂದು ಹುಣಸೆಹಣ್ಣಿನ ನೀರಿನಲ್ಲಿ ಮೀನು ತೊಳೆಯುವುದನ್ನು ಅಡುಗೆ ಬಲ್ಲವರಿಗೆ ಹೇಳಿಕೊಡಬೇಕಾಗಿಲ್ಲ. ಈ ಮೂರರಲ್ಲಿಯೂ ಇರುವ ವಸ್ತು ಒಂದೇ. 1965ರಲ್ಲಿ ಅಮೆರಿಕದ ಗರ್ಬರ್ ಮತ್ತು ಲೆಶೆವಾಲಿಯೆ ಎಂಬ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ಜಿಯೋಸ್ಮಿನ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಮಣ್ಣಿನ ವಾಸನೆ. ಲಕ್ಷಕೋಟಿಯಲ್ಲಿ ಐದು ಭಾಗದಷ್ಟಿದ್ದರೂ ಮನುಷ್ಯನ ಮೂಗು ಅದನ್ನು ಗುರುತಿಸಬಲ್ಲದು. ಮಣ್ಣಿನಲ್ಲಿ ಅದನ್ನು ಉಂಟುಮಾಡುವುದು ಸ್ಟ್ರೆಪ್ಟೊಮೈಸಿಸ್ ಎಂಬ ಜಾತಿಯ ಸೂಕ್ಷ್ಮಜೀವಿ. ಹುಳಿ ಸೋಕಿದರೆ ಅದು ಒಡೆದುಹೋಗುತ್ತದೆ. ಹುಣಸೆಹಣ್ಣಿನ ಗುಟ್ಟು ಇಷ್ಟೇ. ಕನ್ನೌಜಿನ ಅತ್ತರಿನವರು ಈ ಮಣ್ಣಿನ ಗಂಧವನ್ನು ಭಟ್ಟಿಯಿಳಿಸಿ, ಶ್ರೀಗಂಧದ ಎಣ್ಣೆಯಲ್ಲಿ ಹಿಡಿದಿಡುವ ವಿದ್ಯೆಯನ್ನು ಬಹುಕಾಲದಿಂದ ಬಲ್ಲರು.

ಆದರೆ ಸೂಕ್ಷ್ಮಜೀವಿ ಎಂಬ ಮಾತು ಈ ಊರಿನವರ ಕಿವಿಗೆ ಮೊದಲು ಬಿದ್ದದ್ದು ಸುಗಂಧದ ಜೊತೆಯಲ್ಲಲ್ಲ, ಸಾವಿನ ಜೊತೆಯಲ್ಲಿ. 1898ರಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬಂದ ಪ್ಲೇಗು ಪೇಟೆಯನ್ನೂ ದಂಡುಪ್ರದೇಶವನ್ನೂ ಒಂದೇ ಸಮನೆ ಕಾಡಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಆ ಭಯದಿಂದ ಬೆಳೆದವು. ಮಾರುಕಟ್ಟೆಯಿಂದ ದೂರವಲ್ಲದ ಫ್ರೇಜರ್ ಟೌನೂ ಅಂಥದೇ. ಹಾಫ್‌ಕಿನ್ ಎಂಬುವನು 1897ರಲ್ಲಿ ಮುಂಬಯಿಯಲ್ಲಿ ಸಿದ್ಧಪಡಿಸಿದ ಲಸಿಕೆಯಿತ್ತು. ಅದು ಸರ್ಕಾರದ ಕೈಯಲ್ಲಿತ್ತು. ಜನರ ಕೈಯಲ್ಲಿದ್ದುದು ಪ್ಲೇಗಮ್ಮನ ಗುಡಿ. ರಸೆಲ್ ಮಾರುಕಟ್ಟೆಯನ್ನು ಕಟ್ಟಿದ 1927ರ ಹೊತ್ತಿಗೂ ಸೂಕ್ಷ್ಮದರ್ಶಕವೆಂಬುದು ಆಸ್ಪತ್ರೆ, ಸರ್ಕಾರಿ ಪ್ರಯೋಗಾಲಯ, ವಿಜ್ಞಾನ ಮಂದಿರಗಳ ಗೋಡೆಯೊಳಗಿನ ಸಾಧನವಾಗಿತ್ತು.

ಆ ಗೋಡೆಯಲ್ಲಿ ಒಂದು ಕಿಂಡಿ ತೆರೆದದ್ದು 2009ರಲ್ಲಿ. ಯಲಹಂಕದ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು, ತಮ್ಮ ಉಪಾಧ್ಯಾಯ ಯಶಸ್ ಶೆಟ್ಟಿಯವರೊಡನೆ, ಬಳ್ಳಾರಿ ರಸ್ತೆಯ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಕ್ಕೆ ಹೋದರು. ಅಲ್ಲಿನ ವಿಜ್ಞಾನಿ ಮುಕುಂದ ತಟ್ಟೈ ಅವರಿಗೆ ಆಸರೆಯಾದರು. ಚಿತ್ರ, ವಿನ್ಯಾಸ ಕಲಿಯುವ ಮಕ್ಕಳು! ಮಣ್ಣಿನ ಜೀವಿಯ ಗಂಧ ಹುಟ್ಟಿಸುವ ಗುಣಾಣುವನ್ನು ಇ. ಕೊಲಿ ಎಂಬ ಸಾಧು ಏಕಾಣುಜೀವಿಗೆ ಸೇರಿಸಿ, ಗಾಜಿನ ತಟ್ಟೆಯಲ್ಲಿ ಮಳೆಯ ವಾಸನೆಯನ್ನು ಬೆಳೆಸುವುದು ಅವರ ಹಂಬಲ. ಅದನ್ನು ಹೊತ್ತು ಅವರು ಅಮೆರಿಕದ ಎಂ.ಐ.ಟಿ.ಯಲ್ಲಿ ನಡೆಯುತ್ತಿದ್ದ ಐಜೆಮ್ ಸ್ಪರ್ಧೆಗೆ ಹೋದರು. ಕನ್ನಡ ಮೇಷ್ಟರಾದ ನನಗೆ ಇದರಲ್ಲಿ ಹಿಡಿಸಿದ್ದು ವಿಷಯದ ಆಯ್ಕೆ. ಔಷಧಿಯಲ್ಲ, ಲಾಭವಲ್ಲ, ಮುಂಗಾರಿನ ಮೊದಲ ಹನಿ.

ಇಂಥ ಕೆಲಸದ ರೀತಿ ಕೇಳುವುದಕ್ಕೆ ಅಡುಗೆಯಂತಿದೆ. ಏಕಾಣುಜೀವಿಗಳನ್ನು ಕ್ಯಾಲ್ಸಿಯಂ ಲವಣದ ದ್ರಾವಣದಲ್ಲಿ ಮಂಜುಗಡ್ಡೆಯ ಮೇಲಿಟ್ಟು, ಬೇಕಾದ ಗುಣಾಣುವನ್ನು ಹೊತ್ತ ಡಿ.ಎನ್.ಎ. ಬಳೆಯನ್ನು ಬೆರೆಸಿ, ಒಂದು ನಿಮಿಷಕ್ಕೂ ಮೀರದಂತೆ 42 ಡಿಗ್ರಿ ಶಾಖ ಕೊಟ್ಟು, ಮತ್ತೆ ತಣ್ಣಗಾಗಿಸಬೇಕು. ಬಳೆಯನ್ನು ಒಳಗೆ ಬಿಟ್ಟುಕೊಂಡ ಜೀವಿಗಳು ಕೆಲವೇ ಕೆಲವು. ಪ್ರತಿಜೀವಕ ಔಷಧಿ ಬೆರೆಸಿದ ತಟ್ಟೆಯಲ್ಲಿ ಅವಷ್ಟೇ ಉಳಿಯುತ್ತವೆ. ಉಪಕರಣಗಳ ವೆಚ್ಚಕ್ಕೂ ಉಪಾಯವಿತ್ತು. ಅದೇ 2009ರಲ್ಲಿ ಶೆಟ್ಟಿಯವರು ಮಾರ್ಕ್ ಡುಸೈಲರ್, ಆಂಡಿ ಗ್ರೇಸಿಯವರೊಡನೆ ಹುಟ್ಟುಹಾಕಿದ ಹ್ಯಾಕ್ಟೀರಿಯಾ ಬಳಗವು, ಗಣಕಯಂತ್ರದ ಅಗ್ಗದ ಕ್ಯಾಮೆರಾದ ಮಸೂರವನ್ನು ತಿರುಗಿಸಿಟ್ಟು ಸೂಕ್ಷ್ಮದರ್ಶಕ ಮಾಡುವುದನ್ನು ಊರೂರಲ್ಲಿ ಕಲಿಸಿತು. ಮರುವರ್ಷ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಜೆನ್‌ಸ್ಪೇಸ್ ಎಂಬ ಸಾರ್ವಜನಿಕ ಪ್ರಯೋಗಾಲಯ ತೆರೆಯಿತು. ಚಂದಾ ಕೊಟ್ಟ ಯಾರಿಗೂ ಅಲ್ಲಿ ಮೇಜು ಸಿಗುತ್ತಿತ್ತು.

ನಮ್ಮಲ್ಲಿ ಅದು ಅಷ್ಟು ಸುಲಭವಲ್ಲ. 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ 1989ರ ಡಿಸೆಂಬರಿನಲ್ಲಿ ಬಂದ ನಿಯಮಗಳ ಪ್ರಕಾರ, ಗುಣಾಣು ಬದಲಿಸುವ ಕೆಲಸ ಮಾಡುವ ಸಂಸ್ಥೆಗೆ ಜೈವಿಕ ಸುರಕ್ಷತೆಯ ಸಮಿತಿಯೊಂದು ಇರಲೇಬೇಕು. ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಕೋಣೆ ಹಿಡಿದು, ನಾಲ್ಕು ಗೆಳೆಯರು ಕೂಡಿ ಆರಂಭಿಸುವ ಕೆಲಸವಲ್ಲ ಇದು. ಈ ಕಟ್ಟನ್ನು ಬರಿಯ ಕಚೇರಿಯ ಕಾಟವೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು; ಪ್ಲೇಗಿನ ಊರಿನಲ್ಲಿ ಹುಟ್ಟಿದವನು ನಾನು. ಆದರೆ ಬೀಗದ ಕೈಯೆಲ್ಲ ವಿದ್ವಾಂಸರ ಸೊಂಟದಲ್ಲೇ ಇರಬೇಕೆಂಬುದನ್ನೂ ಒಪ್ಪಲಾರೆ. ಅದಕ್ಕೆ ಕಾರಣ, ಅದೇ ವಿದ್ಯಾರ್ಥಿವೃಂದ 2011ರಲ್ಲಿ ಕೈಗೊಂಡ ಕೆಲಸ. ಆ ವರ್ಷ ಅವರು ಹೊಸ ಜೀವಿಯನ್ನು ಮಾಡಲು ಹೊರಡಲಿಲ್ಲ. ಪ್ರಯೋಗಾಲಯಗಳಲ್ಲಿ ಹೊಸೆದ ಗುಣಾಣುವಿನ ತುಣುಕುಗಳು ಗೋಡೆ ದಾಟಿ, ಹೊರಗಿನ ಪರಿಸರಕ್ಕೆ ಸೇರಿವೆಯೇ ಎಂದು ಹುಡುಕಲು ಹೊರಟರು.