ಮನೆತನಕ್ಕಂಟಿದ ಬೇನೆ

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನು ನೀವೆಲ್ಲ ಬಲ್ಲಿರಿ. ಮೂಗಿನ ಮಾಟ, ಮೈಬಣ್ಣ, ಮುಂಗೋಪ ಇವೆಲ್ಲ ಮನೆತನದಲ್ಲಿ ಇಳಿದು ಬರುತ್ತವೆಂದು ಒಪ್ಪಲು ನಮಗೆ ಯಾವ ಪಂಡಿತರ ಪ್ರಮಾಣವೂ ಬೇಕಿಲ್ಲ. ಆದರೆ ಕ್ಯಾನ್ಸರ್ ಹಾಗೆ ಇಳಿದು ಬರುವುದುಂಟೇ? ಹಿಂದಿನವರು ಹೆಸರೆತ್ತಲೂ ಅಂಜುತ್ತಿದ್ದ ಈ ಬೇನೆ ಅಜ್ಜನಿಂದ ಮಗನಿಗೆ, ಮಗನಿಂದ ಮೊಮ್ಮಗಳಿಗೆ ದಾಟೀತೇ? ಇದಕ್ಕೆ ಖಚಿತವಾದ ಉತ್ತರ ಹೇಳಲು ವೈದ್ಯಶಾಸ್ತ್ರಕ್ಕೆ ಸುಮಾರು ನೂರು ವರ್ಷ ಹಿಡಿಯಿತು. ಆ ನೂರು ವರ್ಷದ ಕಥೆಯನ್ನು ಆರಂಭಿಸಿದವಳು ಬಟ್ಟೆ ಹೊಲಿದು ಬದುಕುತ್ತಿದ್ದ ಒಬ್ಬ ಸಾಮಾನ್ಯ ಹೆಂಗಸು.

1895ನೆಯ ಇಸವಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಆಲ್ಡ್ರೆಡ್ ಸ್ಕಾಟ್ ವಾರ್ಥಿನ್ ಎಂಬ ರೋಗಶಾಸ್ತ್ರಜ್ಞರಿದ್ದರು. ಅವರ ಪರಿಚಯದ ಹೊಲಿಗೆಯಾಕೆ ಒಮ್ಮೆ ಬಹಳ ಖಿನ್ನಳಾಗಿದ್ದಳು. ಕಾರಣ ಕೇಳಿದಾಗ, ತಾನು ಹೆಚ್ಚು ಕಾಲ ಬದುಕುವವಳಲ್ಲವೆಂದಳು. ತನ್ನ ಮನೆತನದಲ್ಲಿ ಬಹುಮಂದಿ ಜಠರ, ಕರುಳು ಇಲ್ಲವೇ ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡಿದ್ದಾರೆ, ತನಗೂ ಅದೇ ಗತಿ ಎಂಬುದು ಆಕೆಯ ಮಾತು. ಆಗ ಆಕೆಗೆ ಯಾವ ಕಾಯಿಲೆಯೂ ಇರಲಿಲ್ಲ. ಬೇರೊಬ್ಬ ವೈದ್ಯರಾಗಿದ್ದರೆ ಧೈರ್ಯ ಹೇಳಿ ಕಳುಹಿಸಿ ಮರೆತುಬಿಡುತ್ತಿದ್ದರೇನೋ. ವಾರ್ಥಿನ್ ಮರೆಯಲಿಲ್ಲ. ಆಕೆಯ ಸಹಾಯದಿಂದಲೇ ಅವರು ಆ ಮನೆತನದ ವಂಶವೃಕ್ಷವನ್ನು ಬರೆಯತೊಡಗಿದರು. ಯಾರು ಯಾರ ಮಕ್ಕಳು, ಯಾವ ವಯಸ್ಸಿನಲ್ಲಿ ಯಾವ ಕಾಯಿಲೆಯಿಂದ ಹೋದರು ಎಂದು ಒಂದೊಂದಾಗಿ ಕೂಡಿಸಿದರು.

1913ರಲ್ಲಿ ಈ ಲೆಕ್ಕ ಅಚ್ಚಾಯಿತು. ಕುಟುಂಬದ ಹೆಸರನ್ನು ಮರೆಮಾಡಿ ‘ಜಿ’ ಎಂಬ ಒಂದೇ ಅಕ್ಷರದಿಂದ ಅದನ್ನು ಗುರುತಿಸಲಾಯಿತು. ಜರ್ಮನಿಯಿಂದ ವಲಸೆ ಬಂದು ಮಿಷಿಗನ್ನಿನಲ್ಲಿ ನೆಲೆಸಿದ್ದ ಆ ಮನೆತನದ ಮೂಲಪುರುಷನಿಗೆ ಕ್ಯಾನ್ಸರ್ ಇತ್ತು. ಅವನ ಸಂತತಿಯ 48 ಜನರಲ್ಲಿ 17 ಮಂದಿ ಕ್ಯಾನ್ಸರಿನಿಂದ ಸತ್ತಿದ್ದರು ಇಲ್ಲವೇ ಅದಕ್ಕಾಗಿ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ಆ ಹೊಲಿಗೆಯಾಕೆಯೂ ತಾನು ಹೇಳಿದ್ದಂತೆಯೇ, ಮುಪ್ಪು ಕಾಣುವ ಮೊದಲೇ, ಗರ್ಭಕೋಶದ ಕ್ಯಾನ್ಸರಿನಿಂದ ಮರಣ ಹೊಂದಿದಳು.

ಇಷ್ಟು ಸ್ಪಷ್ಟವಾದ ಲೆಕ್ಕವನ್ನು ಜಗತ್ತು ಕೂಡಲೇ ಒಪ್ಪಿರಬೇಕೆಂದು ನಿಮಗೆ ತೋರಬಹುದು. ಹಾಗಾಗಲಿಲ್ಲ. ಒಂದು ಮನೆಯಲ್ಲಿ ಹಲವರಿಗೆ ಕ್ಯಾನ್ಸರ್ ಬಂದರೆ ಅದು ಆಕಸ್ಮಿಕವಾಗಿರಬಹುದು, ಒಂದೇ ಬಗೆಯ ಊಟ ಉಪಚಾರದ ಫಲವಾಗಿರಬಹುದು ಎಂಬ ವಾದಕ್ಕೆ ಬಲವಿತ್ತು. ಮತ್ತೊಂದು ಸಂಗತಿಯನ್ನೂ ಮುಚ್ಚಿಡಬಾರದು. ‘ಉತ್ತಮ ಸಂತತಿ’ಯ ಹೆಸರಿನಲ್ಲಿ ಯಾರು ಮಕ್ಕಳನ್ನು ಹೆರಬೇಕು, ಯಾರು ಹೆರಬಾರದು ಎಂದು ನಿರ್ಣಯಿಸಹೊರಟ ಚಳವಳಿಯೊಂದು ಆ ಕಾಲದ ಅಮೆರಿಕದಲ್ಲಿ ಪ್ರಬಲವಾಗಿತ್ತು. ವಾರ್ಥಿನ್ ಕೂಡ ಅದರ ಪಕ್ಷಪಾತಿಯಾಗಿದ್ದರು. ನೊಂದ ಕುಟುಂಬಕ್ಕೆ ಆ ವಾದದಿಂದ ಯಾವ ಉಪಕಾರವೂ ಆಗಲಿಲ್ಲ. 1931ರಲ್ಲಿ ವಾರ್ಥಿನ್ ತೀರಿಕೊಂಡರು. 1936ರಲ್ಲಿ ಅವರ ಸಂಸ್ಥೆಯವರೇ ಇನ್ನೊಂದು ವರದಿ ಹೊರಡಿಸಿದರು. ಆಮೇಲೆ ದೀರ್ಘಕಾಲ ಆ ಕಾಗದಗಳನ್ನು ಕೇಳುವವರಿಲ್ಲದಾಯಿತು.

ಮುಂದಿನ ಅಂಕ ನಡೆದದ್ದು ಅದೇ ದೇಶದ ನೆಬ್ರಾಸ್ಕ ಪ್ರಾಂತದ ಒಮಾಹ ನಗರದಲ್ಲಿ. 1962ರಲ್ಲಿ ಹೆನ್ರಿ ಲಿಂಚ್ ಎಂಬ ತರುಣ ವೈದ್ಯರ ಮುಂದೆ ಕುಡಿತದಿಂದ ಜರ್ಜರಿತನಾದ ರೋಗಿಯೊಬ್ಬ ಬಂದ. ಇಷ್ಟೇಕೆ ಕುಡಿಯುತ್ತೀಯೆಂದು ಕೇಳಿದರೆ, ತನ್ನ ಮನೆಯವರೆಲ್ಲ ಕ್ಯಾನ್ಸರಿನಿಂದಲೇ ಸಾಯುತ್ತಾರೆ, ತಾನೂ ಸಾಯುವವನೇ ಎಂದ. ಸುಮಾರು ಎಪ್ಪತ್ತು ವರ್ಷದ ಹಿಂದೆ ಹೊಲಿಗೆಯಾಕೆ ಆಡಿದ್ದ ಮಾತೇ ಇದು ಎಂಬುದನ್ನು ಗಮನಿಸಿ. ಲಿಂಚರು ಸಮಾಜಸೇವಕಿ ಆನ್ ಕ್ರಷ್ ಅವರ ಜೊತೆಗೂಡಿ ಈ ಕುಟುಂಬದ ವೃತ್ತಾಂತವನ್ನು ಕಲೆಹಾಕಿ, ಮಿಷಿಗನ್ನಿನ ಬೇರೊಂದು ಕುಟುಂಬದ ವಿವರದೊಡನೆ 1966ರಲ್ಲಿ ಪ್ರಕಟಿಸಿದರು. ಅದನ್ನು ಓದಿದ ಮಿಷಿಗನ್ನಿನ ರೋಗಶಾಸ್ತ್ರ ವಿಭಾಗದ ಮುಖ್ಯಸ್ಥರು ವಾರ್ಥಿನ್ನರ ಹಳೆಯ ಕಾಗದಗಳನ್ನೆಲ್ಲ ಲಿಂಚರ ವಶಕ್ಕೆ ಕೊಟ್ಟರು. 1971ರಲ್ಲಿ ಲಿಂಚ್ ಮತ್ತು ಕ್ರಷ್ ಜಿ ಕುಟುಂಬದ 75 ವರ್ಷಗಳ ಇತಿಹಾಸವನ್ನು ಮತ್ತೆ ಬರೆದರು. ಹಳೆಯ ತಲೆಮಾರಿನಲ್ಲಿ ಹೆಚ್ಚಾಗಿದ್ದ ಜಠರದ ಕ್ಯಾನ್ಸರ್ ಹೊಸ ತಲೆಮಾರಿನಲ್ಲಿ ಇಳಿದು, ದೊಡ್ಡ ಕರುಳಿನದು ಏರಿತ್ತು. ಬೀಜ ಒಂದೇ ಆದರೂ ಬದುಕಿನ ರೀತಿ ಬದಲಾದಂತೆ ಫಲವೂ ಬದಲಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಆದರೂ ನಂಬಿದವರು ಕಡಿಮೆ. ಲಿಂಚರು ಧನಸಹಾಯ ಕೋರಿ ಕಳುಹಿಸಿದ ಅರ್ಜಿಗಳು ತಿರಸ್ಕೃತವಾಗಿ ಹಿಂದಿರುಗಿದವು. ಅವರು ಬೇಸರಿಸದೆ ಮನೆಯಿಂದ ಮನೆಗೆ ಹೋಗಿ ವಂಶವೃಕ್ಷಗಳನ್ನು ಬರೆಯುತ್ತಲೇ ಇದ್ದರು. 1984ರಲ್ಲಿ ಈ ಕಾಯಿಲೆಗೆ ಅವರ ಹೆಸರೇ ನಿಂತಿತು. ‘ಲಿಂಚ್ ಸಿಂಡ್ರೋಮ್’ ಎಂದು ಇಂದು ವೈದ್ಯರು ಕರೆಯುವುದು ಇದನ್ನೇ.

ಕೊನೆಯ ಗಂಟು ಬಿಚ್ಚಿದ್ದು 1993ರಲ್ಲಿ. ಅದನ್ನು ತಿಳಿಯಲು ಒಂದು ಅಚ್ಚುಕೂಟವನ್ನು ಕಲ್ಪಿಸಿಕೊಳ್ಳಿ. ನಮ್ಮ ಜೀವಕೋಶವೊಂದು ಎರಡಾಗುವಾಗ, ಅದರಲ್ಲಿರುವ ವಂಶವಾಹಿ ಬರಹದ ಸುಮಾರು 600 ಕೋಟಿ ಅಕ್ಷರಗಳ ಪ್ರತಿ ತಯಾರಾಗಬೇಕು. ಎಷ್ಟೇ ಎಚ್ಚರವಹಿಸಿದರೂ ಅಚ್ಚುತಪ್ಪುಗಳು ನುಸುಳುತ್ತವೆ. ಅವನ್ನು ಹಿಡಿದು ತಿದ್ದುವುದಕ್ಕೆ ಕರಡು ತಿದ್ದುವವರಂಥ ಕೆಲವು ವಂಶವಾಹಿಗಳಿವೆ. ಬ್ಯಾಕ್ಟೀರಿಯ ಮತ್ತು ಯೀಸ್ಟ್‌ಗಳಲ್ಲಿ ಈ ತಿದ್ದುಪಡಿಯನ್ನು ವಿಜ್ಞಾನಿಗಳು ಮೊದಲೇ ಅರಿತಿದ್ದರು. 1993ರ ಕೊನೆಗೆ ಎರಡು ಸಂಶೋಧಕ ತಂಡಗಳು, ಮನುಷ್ಯರಲ್ಲಿ ಇದೇ ಕೆಲಸ ಮಾಡುವ ‘ಎಂಎಸ್‌ಎಚ್ 2’ ಎಂಬ ವಂಶವಾಹಿಯನ್ನು ಪತ್ತೆಹಚ್ಚಿ, ಅದು ಕೆಟ್ಟರೆ ಈ ಕಾಯಿಲೆ ಬರುವುದೆಂದು ತೋರಿಸಿದವು. ಮರುವರ್ಷ ‘ಎಂಎಲ್‌ಎಚ್ 1’ ಎಂಬುದು ಸಿಕ್ಕಿತು.

ಪ್ರತಿ ವಂಶವಾಹಿಯಲ್ಲೂ ತಾಯಿಯದೊಂದು, ತಂದೆಯದೊಂದು ಎಂದು ಎರಡು ಪ್ರತಿಗಳಿರುತ್ತವೆ. ಒಂದು ಹುಟ್ಟುವಾಗಲೇ ಕೆಟ್ಟಿದ್ದರೂ ಇನ್ನೊಂದು ಕೆಲಸವನ್ನು ನಿಭಾಯಿಸುತ್ತದೆ. ಮುಂದೆಂದಾದರೂ ಯಾವುದೋ ಒಂದು ಕೋಶದಲ್ಲಿ ಅದೂ ಕೆಟ್ಟಿತೆನ್ನಿ. ಅಲ್ಲಿ ತಪ್ಪುಗಳು ರಾಶಿ ಬೀಳುತ್ತವೆ. ದೊಡ್ಡ ಕರುಳಿನ ಒಳಪದರವು ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತಿರುವುದರಿಂದ ಅಲ್ಲಿ ಅಪಾಯ ಹೆಚ್ಚು. ಜಿ ಕುಟುಂಬದಲ್ಲಿ ಕೆಟ್ಟಿದ್ದದ್ದು ಎಂಎಸ್‌ಎಚ್ 2, ಅದೂ ಒಂದೇ ಒಂದು ಅಕ್ಷರದ ತಪ್ಪಿನಿಂದ ಎಂಬುದು 2000ದಲ್ಲಿ ತಿಳಿಯಿತು. ಹೊಲಿಗೆಯಾಕೆಯ ಮಾತಿಗೆ ವಿಜ್ಞಾನ ತನ್ನ ಮುದ್ರೆಯೊತ್ತಲು 105 ವರ್ಷ ಬೇಕಾಯಿತು!

ಇದರಿಂದ ಆದ ಪ್ರಯೋಜನವೇನು ಎಂದು ನೀವು ಕೇಳಬಹುದು. ಪ್ರಯೋಜನ ಎರಡು. ಮೊದಲನೆಯದು, ಭಯದಿಂದ ಬಿಡುಗಡೆ. ತಂದೆಯಲ್ಲಾಗಲಿ ತಾಯಿಯಲ್ಲಾಗಲಿ ಈ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು ಮಾತ್ರ. ಹಿಂದೆ ಇಡೀ ಮನೆತನವೇ ಅಂಜಿಕೆಯಲ್ಲಿ ಬಾಳುತ್ತಿತ್ತು. ಈಗ ರಕ್ತಪರೀಕ್ಷೆಯಿಂದ, ದೋಷವಿಲ್ಲದವರು ನಿಶ್ಚಿಂತರಾಗಿ ತಮ್ಮ ದಾರಿ ಹಿಡಿಯಬಹುದು. ಎರಡನೆಯದು, ದೋಷವಿರುವವರಿಗೆ ಮುನ್ನೆಚ್ಚರಿಕೆ. ಕೊಲೊನೊಸ್ಕೋಪಿ ಎಂಬ ಪರೀಕ್ಷೆಯಲ್ಲಿ ದೀಪವುಳ್ಳ ಮೆತ್ತನೆಯ ನಳಿಕೆಯನ್ನು ಹಾಯಿಸಿ ಕರುಳನ್ನು ನೋಡಿ, ಪಾಲಿಪ್ ಎಂಬ ಸಣ್ಣ ಗಂಟುಗಳನ್ನು ಅವು ಕ್ಯಾನ್ಸರ್ ಆಗುವ ಮೊದಲೇ ಕತ್ತರಿಸಿ ತೆಗೆಯುತ್ತಾರೆ. ಫಿನ್‌ಲೆಂಡಿನಲ್ಲಿ ಇಂಥ 22 ಕುಟುಂಬಗಳನ್ನು 15 ವರ್ಷ ಅನುಸರಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಕರುಳಿನ ಕ್ಯಾನ್ಸರ್ ಶೇಕಡ 62ರಷ್ಟು ಕಡಿಮೆ. ಅವರಲ್ಲಿ ಒಬ್ಬರೂ ಆ ಕ್ಯಾನ್ಸರಿನಿಂದ ಸಾಯಲಿಲ್ಲ. ಇಂದು ಇಂಥವರಿಗೆ ಸಾಮಾನ್ಯವಾಗಿ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಈ ಪರೀಕ್ಷೆಯನ್ನು ಮಾಡುತ್ತಾರೆ.

ಇಷ್ಟು ಓದಿ ಯಾರೂ ಗಾಬರಿಯಾಗಬೇಕಿಲ್ಲ. ಕರುಳಿನ ಕ್ಯಾನ್ಸರ್ ಬಂದ ನೂರು ಜನರಲ್ಲಿ ಲಿಂಚ್ ದೋಷವಿರುವವರು ಸುಮಾರು ಮೂವರು ಮಾತ್ರ. 2007ರಿಂದೀಚೆಗೆ ಕಂಡುಬಂದಿರುವ ಬೇರೆ ಬಹಳಷ್ಟು ಸಣ್ಣ ವಂಶವಾಹಿ ವ್ಯತ್ಯಾಸಗಳೂ ಇವೆ. ಒಂದೊಂದೂ ಅಪಾಯವನ್ನು ಏರಿಸುವುದು ಎಳ್ಳಷ್ಟು. ಏರುವ ವಯಸ್ಸು, ಹೊಗೆಸೊಪ್ಪು, ಮದ್ಯ, ಅತಿಯಾದ ಮೈತೂಕ ಇವುಗಳ ಪಾಲನ್ನೂ ಮರೆಯಬಾರದು.

ಆದರೆ ನಾವು ಮಾಡಬಹುದಾದ, ಕಾಸು ಖರ್ಚಿಲ್ಲದ ಕೆಲಸವೊಂದಿದೆ. ನಮ್ಮಲ್ಲಿ ಗೋತ್ರ, ಬೆಡಗು, ಮನೆದೇವರು ಯಾವುದೆಂದು ಕೇಳಿದರೆ ಥಟ್ಟನೆ ಹೇಳುವವರು ಬಹಳ ಮಂದಿ. ಅಜ್ಜ ಯಾವ ಕಾಯಿಲೆಯಿಂದ ಹೋದರೆಂದು ಕೇಳಿದರೆ, ‘ಏನೋ ಹೊಟ್ಟೆನೋವಂತೆ’ ಎಂಬ ಉತ್ತರ ಬರುತ್ತದೆ. ಮನೆಯ ಹಿರಿಯರನ್ನು, ಅತ್ತೆ, ಸೋದರಮಾವ, ಚಿಕ್ಕಮ್ಮಂದಿರನ್ನು ಬಿಡುವಾದಾಗ ವಿಚಾರಿಸಿ, ಒಂದು ಹಾಳೆಯಲ್ಲಿ ಬರೆದಿಡಿ. ರಕ್ತಸಂಬಂಧಿಗಳಲ್ಲಿ ಇಬ್ಬರು ಮೂವರಿಗೆ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದಿದ್ದರೆ, ಅದರಲ್ಲೂ 50 ವರ್ಷಕ್ಕೆ ಮೊದಲೇ ಬಂದಿದ್ದರೆ, ಆ ಹಾಳೆಯನ್ನು ವೈದ್ಯರಿಗೆ ತೋರಿಸಿ. ಮಲದಲ್ಲಿ ರಕ್ತ ಕಂಡಾಗ, ಮೂಲವ್ಯಾಧಿಯೇ ಇರಬೇಕೆಂದು ನೀವೇ ತೀರ್ಮಾನಿಸಿ ಸುಮ್ಮನಾಗಬೇಡಿ.

1895ರಲ್ಲಿ ಆ ಹೆಂಗಸು ತನ್ನ ಹಣೆಬರಹವೆಂದು ಹೇಳಿಕೊಂಡದ್ದನ್ನು ಒಬ್ಬ ವೈದ್ಯರು ಕಿವಿಗೊಟ್ಟು ಕೇಳಿ ಬರೆದಿಟ್ಟರು. ಅದು ಆಕೆಯ ಪ್ರಾಣವನ್ನು ಉಳಿಸಲಿಲ್ಲ. ಆದರೆ ಆಕೆಯ ಮನೆತನದ ಮುಂದಿನ ಮಕ್ಕಳಿಗೂ, ಅಂಥದೇ ಎಷ್ಟೋ ಕುಟುಂಬಗಳಿಗೂ ದಾರಿ ತೋರಿತು. ನಿಮ್ಮ ಮನೆಯ ಹಿರಿಯರು ಇಂಥ ಮಾತನ್ನೆತ್ತಿದರೆ ‘ಅಪಶಕುನದ ಮಾತು ಬೇಡ’ ಎಂದು ಬಾಯಿ ಮುಚ್ಚಿಸಬೇಡಿ. ಕುಳಿತು ಕೇಳಿ, ಬರೆದಿಡಿ.